ವನ್ಯಜೀವಿ ಸಂಶೋಧಕರಿಗೆ ಡ್ರೋನ್ ತರಬೇತಿ: ಯಾರಿಗೆ ಯಾವ ದಾರಿ ಸರಿ?

ಇವತ್ತಿನ ಡ್ರೋನ್ ಹಾರಿಸಲು ಅಂಥ ಕೈಚಳಕವೇನೂ ಬೇಕಿಲ್ಲ. ರಿಮೋಟಿನ ಸ್ಟಿಕ್ ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಸಿಗ್ನಲ್ ತಪ್ಪಿದರೆ ಹೊರಟ ಜಾಗಕ್ಕೆ ತಾನೇ ಮರಳುತ್ತದೆ. ಬಯಲಿನಲ್ಲಿ ಎರಡು ದಿನ ಅಭ್ಯಾಸ ಮಾಡಿದರೆ ಯಾರಿಗಾದರೂ ಕೈ ಕುದುರುತ್ತದೆ. ತಲೆನೋವು ಶುರುವಾಗುವುದು ಆಮೇಲೆ. ಹಾರಿಸಿ ತಂದ ಸಾವಿರ ಫೋಟೊಗಳನ್ನು ಇಟ್ಟುಕೊಂಡು ಏನು ಮಾಡುವುದು? ಅದರಲ್ಲಿ ಕಂಡ ಜಿಂಕೆ ಎಷ್ಟು, ಮರದಡಿ ಕಾಣದೇ ಉಳಿದದ್ದು ಎಷ್ಟು? ಸದ್ದಿಗೆ ಬೆದರಿ ಓಡಿದ ಪ್ರಾಣಿಯನ್ನು ಪಕ್ಕದ ಸಾಲಿನಲ್ಲಿ ಮತ್ತೊಮ್ಮೆ ಎಣಿಸಿಬಿಟ್ಟೆವಾ? ಇದಕ್ಕೆಲ್ಲ ಉತ್ತರ ಇಲ್ಲದಿದ್ದರೆ ಕೈಯಲ್ಲಿ ಉಳಿಯುವುದು ಚಂದದ ವಿಡಿಯೊ ಮಾತ್ರ, ಗಣತಿ ಅಲ್ಲ.

ಅದಕ್ಕೇ ತರಬೇತಿ ಆರಿಸುವಾಗ ನಾನು ನೋಡುವುದು ಒಂದೇ ವಿಷಯ. ಡ್ರೋನ್ ಕೆಳಗಿಳಿದ ಮೇಲಿನ ಕೆಲಸವನ್ನು ಎಷ್ಟು ಕಲಿಸುತ್ತಾರೆ? ಸದ್ಯಕ್ಕೆ ಸಂಶೋಧಕರಿಗೆ ಇರುವ ದಾರಿಗಳು ಐದು: ಪೈಲಟ್ ಶಾಲೆ ಸೇರಿ ಲೈಸೆನ್ಸ್ ಪಡೆಯುವುದು, ಸಂರಕ್ಷಣೆಯವರೇ ನಡೆಸುವ ಸಣ್ಣ ಕಾರ್ಯಾಗಾರಕ್ಕೆ ಹೋಗುವುದು, ಸಿಮ್ಯುಲೇಟರ್ ಮತ್ತು ಉಚಿತ ಸಾಫ್ಟ್‌ವೇರ್ ಇಟ್ಟುಕೊಂಡು ಮನೆಯಲ್ಲೇ ಕಲಿಯುವುದು, ಈಗಾಗಲೇ ಡ್ರೋನ್ ಸಮೀಕ್ಷೆ ಮಾಡುತ್ತಿರುವ ತಂಡದ ಜೊತೆ ಒಂದು ಸೀಸನ್ ಇರುವುದು, ಇಲ್ಲವೇ ಕಲಿಯುವ ಗೋಜಿಗೇ ಹೋಗದೆ ಪೈಲಟ್ ಒಬ್ಬರನ್ನು ಗೊತ್ತು ಮಾಡಿಕೊಳ್ಳುವುದು. ಐದಕ್ಕೂ ಅದರದರ ಜಾಗ ಇದೆ. ಎಲ್ಲರಿಗೂ ಒಂದೇ ಮದ್ದು ಅನ್ನುವವರ ಮಾತು ಕೇಳಬೇಡಿ.

ಮೊದಲು ಒಂದು ಲೆಕ್ಕ

ದುಡ್ಡು ಕಟ್ಟುವ ಮೊದಲು ಕಾಗದ ಪೆನ್ನು ತಗೊಳ್ಳಿ. ಒಂದಿಂಚಿನ ಸೆನ್ಸರ್ ಇರುವ, 20 ಮೆಗಾಪಿಕ್ಸೆಲ್‌ನ ಸಾಮಾನ್ಯ ಮ್ಯಾಪಿಂಗ್ ಡ್ರೋನ್ ನಿಮ್ಮ ಹತ್ತಿರ ಇದೆ ಅಂದುಕೊಳ್ಳಿ. ಸೆನ್ಸರಿನ ಅಗಲ 13.2 ಮಿಲಿಮೀಟರ್, ಲೆನ್ಸ್ 8.8 ಮಿಲಿಮೀಟರ್, ಫೋಟೊದ ಅಗಲ 5472 ಪಿಕ್ಸೆಲ್. 100 ಮೀಟರ್ ಎತ್ತರದಿಂದ ತೆಗೆದರೆ ಒಂದೊಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 2.7 ಸೆಂಟಿಮೀಟರ್ ಜಾಗ ಹಿಡಿಯುತ್ತದೆ. 30 ಸೆಂಟಿಮೀಟರ್ ಉದ್ದದ ಹಕ್ಕಿ ಅಂಥ ಫೋಟೊದಲ್ಲಿ 11 ಪಿಕ್ಸೆಲ್ ಅಷ್ಟೇ. ಏನೋ ಕೂತಿದೆ ಅಂತ ಗೊತ್ತಾಗಬಹುದು, ಯಾವ ಹಕ್ಕಿ ಅಂತ ಹೇಳುವುದು ಕಷ್ಟ. 30 ಮೀಟರಿಗೆ ಇಳಿದರೆ ಅದೇ ಹಕ್ಕಿ 36 ಪಿಕ್ಸೆಲ್ ಆಗುತ್ತದೆ, ಆಗ ಗುರುತು ಹಿಡಿಯುವ ಆಸೆ ಇಟ್ಟುಕೊಳ್ಳಬಹುದು.

ಹಾಗಾದರೆ ಕೆಳಗೇ ಹಾರಿಸೋಣ, ಅಲ್ವಾ? ತಡೀರಿ. ಒಂದು ಚದರ ಕಿಲೋಮೀಟರ್ ಜಾಗವನ್ನು ಪೂರ್ತಿ ಮುಚ್ಚಬೇಕು ಅಂದುಕೊಳ್ಳಿ. 100 ಮೀಟರ್ ಎತ್ತರದಲ್ಲಿ ಒಂದು ಫೋಟೊಗೆ ನೆಲದ 150 ಮೀಟರ್ ಅಗಲ, 100 ಮೀಟರ್ ಉದ್ದದ ತುಂಡು ಸಿಗುತ್ತದೆ. ಫೋಟೊಗಳನ್ನು ಹೊಲಿದು ನಕ್ಷೆ ಮಾಡಲು ಮುಂದಕ್ಕೆ ಶೇ. 80, ಪಕ್ಕಕ್ಕೆ ಶೇ. 70 ಓವರ್‌ಲ್ಯಾಪ್ (ಒಂದು ಫೋಟೊದ ಭಾಗ ಇನ್ನೊಂದರಲ್ಲೂ ಬರುವುದು) ಇಟ್ಟರೆ ಸಾಲಿಂದ ಸಾಲಿಗೆ 45 ಮೀಟರ್, ಫೋಟೊದಿಂದ ಫೋಟೊಗೆ 20 ಮೀಟರ್ ಬರುತ್ತದೆ. ಸುಮಾರು 22 ಸಾಲು, 1100 ಫೋಟೊ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋದರೆ ತಿರುವುಗಳೂ ಸೇರಿ ನಲವತ್ತು ನಿಮಿಷ ಚಿಲ್ಲರೆ, ಅಂದರೆ ಎರಡು ಬ್ಯಾಟರಿ, ಹೆಚ್ಚೆಂದರೆ ಮೂರು. ಈಗ 30 ಮೀಟರಿಗೆ ಇಳಿಯಿರಿ. ಸಾಲುಗಳು 74 ಆಗುತ್ತವೆ, ಫೋಟೊ 12,000 ದಾಟುತ್ತವೆ. ಆರು ಮೀಟರಿಗೊಂದು ಫೋಟೊ ಬೇಕು, ಎರಡು ಸೆಕೆಂಡಿಗೊಂದು ತೆಗೆಯುವ ಕ್ಯಾಮೆರಾ ಆದರೆ ಸೆಕೆಂಡಿಗೆ 3 ಮೀಟರಿಗಿಂತ ಜೋರಾಗಿ ಹೋಗುವಂತೆಯೇ ಇಲ್ಲ. ಹೆಚ್ಚುಕಡಿಮೆ 7 ಗಂಟೆ ಹಾರಾಟ. ಅಷ್ಟರಲ್ಲಿ ಬೆಳಕು ಬದಲಾಗಿರುತ್ತದೆ, ಪ್ರಾಣಿಗಳು ಎಲ್ಲಿಂದ ಎಲ್ಲಿಗೋ ಹೋಗಿರುತ್ತವೆ, ನೀವು ಎಣಿಸಿದ್ದು ಒಂದೇ ಹಿಂಡನ್ನು ಮೂರು ಸಲ ಇರಬಹುದು.

ಈ ಲೆಕ್ಕ ಮಾಡಿದ ಮೇಲೆ ನಿಮ್ಮ ಕೆಲಸ ಯಾವ ಬಗೆಯದು ಅಂತ ತಾನಾಗಿ ಗೊತ್ತಾಗುತ್ತದೆ. ಹುಲ್ಲುಗಾವಲು, ಕಳೆ ಹಬ್ಬಿದ್ದು, ನೀರಿನ ಅಂಚು ಇಂಥವುಗಳ ನಕ್ಷೆ ಬೇಕಾದರೆ ಪೂರ್ತಿ ಮುಚ್ಚಬೇಕು, ಎತ್ತರದಿಂದ ಹಾರಿಸಿದರೂ ನಡೆಯುತ್ತದೆ, ಕಲಿಯಬೇಕಾದ್ದು ಮ್ಯಾಪಿಂಗ್. ಪ್ರಾಣಿ ಎಣಿಸಬೇಕಾದರೆ ಇಡೀ ಜಾಗ ಮುಚ್ಚುವ ಹಠ ಬೇಡ, ಅಲ್ಲಲ್ಲಿ ಸಾಲು ಹಾಕಿ ಮಾದರಿ ತೆಗೆದರೆ ಸಾಕು. ಇಲ್ಲಿ ಕಲಿಯಬೇಕಾದ್ದು ಹಾರಾಟಕ್ಕಿಂತ ಜಾಸ್ತಿ ಸಂಖ್ಯಾಶಾಸ್ತ್ರ. ಗೂಡು, ಮರಿ, ತಿಮಿಂಗಿಲದ ಮೈ ಅಳತೆ, ಹೀಗೆ ಒಂದೊಂದೇ ಪ್ರಾಣಿಯ ಹತ್ತಿರ ಹೋಗುವ ಕೆಲಸ ಆದರೆ ಕೈಯ ಹಿಡಿತ ಬೇಕು, ಪ್ರಾಣಿಯ ಸ್ವಭಾವ ಬಲ್ಲ ಗುರು ಬೇಕು. ಮೂರಕ್ಕೂ ಒಂದೇ ಕೋರ್ಸ್ ಹೊಂದುವುದಿಲ್ಲ.

ಪೈಲಟ್ ಶಾಲೆ ಮತ್ತು ಲೈಸೆನ್ಸ್

ಕಾನೂನು ಕೇಳಿದರೆ ಇದರಿಂದ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಆದರೆ ಲೈಸೆನ್ಸ್ ಕೈಗೆ ಬಂದರೆ ಹಾರಿಸಲು ಬಂತು ಅನ್ನುವ ಭ್ರಮೆ ಬೇಡ. ಅಮೆರಿಕದ ಡ್ರೋನ್ ಪೈಲಟ್ ನಿಯಮವಾದ ಪಾರ್ಟ್ 107 ನೋಡಿ. 60 ಪ್ರಶ್ನೆಗಳ ಪರೀಕ್ಷೆ, ಶೇ. 70 ಬಂದರೆ ಪಾಸು. ಅದರಲ್ಲಿ ಡ್ರೋನ್ ಹಾರಿಸಿ ತೋರಿಸುವ ಭಾಗವೇ ಇಲ್ಲ. ಯುರೋಪಿನಲ್ಲಿ ಮೊದಲ ಹಂತದ ಪರೀಕ್ಷೆ ಆನ್‌ಲೈನ್, 40 ಪ್ರಶ್ನೆ. ಮುಂದಿನ ಹಂತಕ್ಕೆ ಅಭ್ಯಾಸ ಮಾಡಿದ್ದೇನೆ ಅಂತ ನೀವೇ ಬರೆದುಕೊಡಬೇಕು. ಭಾರತದಲ್ಲಿ 2021ರ ಡ್ರೋನ್ ನಿಯಮಗಳ ಪ್ರಕಾರ ರಿಮೋಟ್ ಪೈಲಟ್ ಪ್ರಮಾಣಪತ್ರಕ್ಕೆ ಮಾನ್ಯತೆ ಪಡೆದ ತರಬೇತಿ ಸಂಸ್ಥೆಯಲ್ಲಿ ಕಲಿತು ಹಾರಿಸಿ ತೋರಿಸಬೇಕು. ಆ ಮಟ್ಟಿಗೆ ಅದು ವಾಸಿ. ಮೂರೂ ಕಡೆ ಸಾಮಾನ್ಯ ಹಾರಾಟಕ್ಕೆ ಎತ್ತರದ ಮಿತಿ ಮಾತ್ರ ಹತ್ತಿರ ಹತ್ತಿರ ಒಂದೇ, 400 ಅಡಿ, ಅಂದರೆ ಸುಮಾರು 120 ಮೀಟರ್.

ಶಾಲೆಯಲ್ಲಿ ಚೆನ್ನಾಗಿ ಕಲಿಸುವುದು ಶಿಸ್ತು. ಹಾರುವ ಮೊದಲಿನ ಪಟ್ಟಿ ಓದುವುದು, ಗಾಳಿ ನೋಡುವುದು, ವಾಯುಪ್ರದೇಶದ ನಕ್ಷೆ ಓದುವುದು, ಒಂದು ಮೋಟರ್ ಕೆಟ್ಟರೆ ಏನು ಮಾಡಬೇಕು ಅನ್ನುವುದು, ಬ್ಯಾಟರಿ ಶೇ. 30ಕ್ಕೆ ಬಂದಾಗ ಇನ್ನೊಂದೇ ಸಾಲು ಅನ್ನುವ ಚಪಲ ಬಿಟ್ಟು ಇಳಿಸುವುದು. ಇವು ಸಣ್ಣ ವಿಷಯಗಳಲ್ಲ. ಆದರೆ ಅಲ್ಲಿನ ಗುರುಗಳು ಮದುವೆ ಶೂಟಿಂಗ್, ಹೊಲಕ್ಕೆ ಔಷಧಿ ಹೊಡೆಯುವುದು, ಕಟ್ಟಡದ ಸರ್ವೆ ಇಂಥದ್ದರಿಂದ ಬಂದವರು. ಕೊಕ್ಕರೆಗಳ ಗೂಡಿನ ಗುಂಪಿನ ಮೇಲೆ ಎಲ್ಲಿಂದ ಹೋಗಬೇಕು ಅಂತ ಅವರನ್ನು ಕೇಳಿ ಪ್ರಯೋಜನ ಇಲ್ಲ.

ಇನ್ನೊಂದು ಮಾತು. ಪೈಲಟ್ ಲೈಸೆನ್ಸ್ ಬೇರೆ, ಕಾಡಿನೊಳಗೆ ಹಾರಿಸುವ ಅನುಮತಿ ಬೇರೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದಲೇ ಡ್ರೋನ್ ನಿಷೇಧ ಇದೆ, ಲೈಸೆನ್ಸ್ ಇದ್ದವರಿಗೂ. ಸಂಶೋಧನೆಗೆ ಬೇಕಿದ್ದರೆ ವಿಶೇಷ ಅನುಮತಿ ತಗೊಳ್ಳಬೇಕು. ಬೇರೆ ದೇಶಗಳ ಸಂರಕ್ಷಿತ ಪ್ರದೇಶಗಳಲ್ಲೂ ಹೆಚ್ಚುಕಡಿಮೆ ಇದೇ ಕತೆ. ಅನುಮತಿ ಬರಲು ಹಿಡಿಯುವ ಸಮಯದಲ್ಲಿ ಮೂರು ಕೋರ್ಸ್ ಮುಗಿಸಬಹುದು, ಹಾಗಾಗಿ ಅರ್ಜಿ ಮೊದಲು ಹಾಕಿ, ಆಮೇಲೆ ಕೋರ್ಸ್ ಹುಡುಕಿ.

ಸಂರಕ್ಷಣೆಯವರ ಕಾರ್ಯಾಗಾರ

ವಿಶ್ವವಿದ್ಯಾಲಯಗಳು, ಸಂರಕ್ಷಣಾ ಸಂಸ್ಥೆಗಳು ನಡೆಸುವ ಮೂರರಿಂದ ಐದು ದಿನಗಳ ಕಾರ್ಯಾಗಾರಗಳು ಈಗ ಎಲ್ಲ ಕಡೆ ಇವೆ. ಒಳ್ಳೆಯದು ಸಿಕ್ಕರೆ ಇದಕ್ಕಿಂತ ಲಾಭ ಬೇರೆ ಇಲ್ಲ, ಕೆಟ್ಟದ್ದು ಸಿಕ್ಕರೆ ಸರ್ಟಿಫಿಕೇಟ್ ಒಂದು ಬಿಟ್ಟು ಏನೂ ಸಿಗುವುದಿಲ್ಲ. ಕೆಟ್ಟದ್ದನ್ನು ಗುರುತಿಸುವುದು ಸುಲಭ. ಮೊದಲ ದಿನ ಉದ್ಘಾಟನೆ ಮತ್ತು ಸ್ಲೈಡು. ಎರಡನೇ ದಿನ ಆಟದ ಮೈದಾನದಲ್ಲಿ ಇಪ್ಪತ್ತು ಜನಕ್ಕೆ ಒಂದು ಡ್ರೋನ್, ಒಬ್ಬೊಬ್ಬರಿಗೆ ಐದೈದು ನಿಮಿಷ. ಮೂರನೇ ದಿನ ಮೊದಲೇ ಸಿದ್ಧ ಮಾಡಿಟ್ಟ ಫೋಟೊಗಳನ್ನು ಸಾಫ್ಟ್‌ವೇರಿಗೆ ಹಾಕಿ ನಕ್ಷೆ ತೆಗೆದು ತೋರಿಸುವುದು. ಆ ಫೋಟೊಗಳು ಯಾವಾಗಲೂ ಸರಿಯಾಗಿಯೇ ಹೊಂದಿಕೊಳ್ಳುತ್ತವೆ. ನಿಮ್ಮವು ಹೊಂದಿಕೊಳ್ಳುವುದಿಲ್ಲ. ಗಾಳಿಗೆ ಅಲ್ಲಾಡುವ ಮರದ ತುದಿ, ಹೊಳೆಯುವ ನೀರು, ಒಂದೇ ಥರ ಕಾಣುವ ಹುಲ್ಲು ಇವೆಲ್ಲ ಸಾಫ್ಟ್‌ವೇರನ್ನು ಕಂಗೆಡಿಸುತ್ತವೆ. ಅದು ಯಾಕೆ ಹಾಗಾಯಿತು ಅಂತ ಹೇಳಿಕೊಡುವವರು ಬೇಕು.

ಒಳ್ಳೆಯ ಕಾರ್ಯಾಗಾರದಲ್ಲಿ ಅರ್ಧ ಹೊತ್ತು ಪ್ರಾಣಿಯ ಬಗ್ಗೆಯೇ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬೇರೆ ಯಾವ ದಾರಿಯಲ್ಲೂ ಇದು ಸುಲಭವಾಗಿ ಸಿಗುವುದಿಲ್ಲ.

2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಮಿನ್ನೆಸೋಟದ ಕಪ್ಪು ಕರಡಿಗಳ ಮೈಯೊಳಗೆ ಹೃದಯ ಬಡಿತ ದಾಖಲಿಸುವ ಸಣ್ಣ ಸಾಧನ ಇಟ್ಟು, ಮೇಲೆ ಡ್ರೋನ್ ಹಾರಿಸಿ ನೋಡಿದರು. ಕರಡಿಗಳು ಹೊರಗೆ ನೋಡುವುದಕ್ಕೆ ಬಹುತೇಕ ಸುಮ್ನೆ ಇದ್ದವು, ಓಡಿದ್ದು ಅಪರೂಪ. ಒಳಗೆ ಮಾತ್ರ ಎದೆ ಡವಡವ ಅನ್ನುತ್ತಿತ್ತು, ಒಂದು ಕರಡಿಗಂತೂ ಬಡಿತ ನಿಮಿಷಕ್ಕೆ 123ರಷ್ಟು ಏರಿತ್ತು. ಪ್ರಾಣಿ ಅಲ್ಲಾಡಲಿಲ್ಲ, ಹಾಗಾಗಿ ತೊಂದರೆ ಆಗಲಿಲ್ಲ ಅನ್ನುವ ವಾದ ಅಲ್ಲಿಗೆ ಮುಗಿಯಿತು.

ಅದೇ ವರ್ಷ ಪ್ರಕಟವಾದ ಇನ್ನೊಂದು ಕೆಲಸ ಹಕ್ಕಿಗಳ ಮೇಲೆ. ಬಾತುಕೋಳಿ, ರಾಜಹಂಸ, ಕಾಲುದ್ದದ ನೀರುಹಕ್ಕಿಗಳ ಹತ್ತಿರ ಇನ್ನೂರಕ್ಕೂ ಹೆಚ್ಚು ಸಲ ಡ್ರೋನ್ ಒಯ್ದರು. ಶೇ. 80ರಷ್ಟು ಸಲ 4 ಮೀಟರ್ ಹತ್ತಿರ ಹೋದರೂ ಹಕ್ಕಿಗಳು ಮೇಲುನೋಟಕ್ಕೆ ಬೆದರಲಿಲ್ಲ. ಡ್ರೋನಿನ ಬಣ್ಣ, ವೇಗ ಅಂಥ ವ್ಯತ್ಯಾಸ ಮಾಡಲಿಲ್ಲ. ಬರುವ ಕೋನ ಮಾತ್ರ ಮಾಡಿತು. ನೆತ್ತಿಯ ಮೇಲಿಂದ ನೇರ ಕೆಳಗೆ ಇಳಿದರೆ ಹಕ್ಕಿಗಳು ಹೆಚ್ಚು ಬೆದರಿದವು. ಬೇಟೆ ಹಕ್ಕಿ ಎರಗುವುದು ಹಾಗೇ ತಾನೇ! ಇದರಿಂದ ಬರುವ ಪಾಠ ಇಷ್ಟು: ಪ್ರಾಣಿಯಿಂದ 100 ಮೀಟರಿಗಿಂತ ದೂರದಲ್ಲಿ ಹಾರಿಸಲು ಶುರು ಮಾಡಿ, ಬೇಕಾದ ಎತ್ತರಕ್ಕೆ ಅಲ್ಲೇ ಏರಿ, ಆಮೇಲೆ ಅಡ್ಡಕ್ಕೆ ಬನ್ನಿ, ಮೇಲಿಂದ ಇಳಿಯಬೇಡಿ.

ಆನೆಯ ಕತೆ ಪೂರಾ ಬೇರೆ. ತಾಂಜಾನಿಯಾದಲ್ಲಿ ಉದ್ಯಾನಗಳ ಅಂಚಿನ ಹೊಲಗಳಿಂದ ಆನೆಗಳನ್ನು ಹಿಂದಕ್ಕೆ ಕಳಿಸಲು ಡ್ರೋನನ್ನೇ ಬಳಸಿದ್ದಾರೆ, ಆ ಸದ್ದು ಕೇಳಿದರೆ ಸಾಕು ಅವು ಜಾಗ ಖಾಲಿ ಮಾಡುತ್ತವೆ. ಓಡಿಸಲು ಬಳಸುವ ಸಾಧನವನ್ನೇ ಎಣಿಸಲೂ ಬಳಸುತ್ತೇವೆ ಅನ್ನುವವರು ಎತ್ತರ, ಸದ್ದು, ದೂರದ ಲೆಕ್ಕ ಎರಡೆರಡು ಸಲ ಹಾಕಬೇಕು. ಗೂಡು ಕಟ್ಟುವ ಹಕ್ಕಿಗಳ ವಿಷಯದಲ್ಲಿ ಒಂದು ತಪ್ಪಿಗೆ ಇಡೀ ವರ್ಷ ಹೋಗುತ್ತದೆ. 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚೀಕಾ ಎಂಬ ಸಂರಕ್ಷಿತ ಜೌಗಿನಲ್ಲಿ ಯಾರದೋ ಡ್ರೋನ್ ಗೂಡುಗಳ ನಡುವೆ ಬಿತ್ತು. ಬೆದರಿದ ಸಾವಿರಾರು ರೀವ (ಟರ್ನ್) ಹಕ್ಕಿಗಳು 1500ಕ್ಕೂ ಹೆಚ್ಚು ಮೊಟ್ಟೆಗಳನ್ನು ಬಿಟ್ಟು ಹೋದವು. ಹಾರಿಸಿದವರು ಸಂಶೋಧಕರಲ್ಲ ನಿಜ, ಆದರೆ ಹಕ್ಕಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕಾರ್ಯಾಗಾರದವರನ್ನು ಮೊದಲೇ ಕೇಳಿ: ನನ್ನ ಜಾಗದ ಫೋಟೊ ತರಬಹುದಾ? ಒಂದು ಡ್ರೋನಿಗೆ ಎಷ್ಟು ಜನ? ನಾಲ್ಕೈದಕ್ಕಿಂತ ಜಾಸ್ತಿ ಅಂದರೆ ಬಿಟ್ಟುಬಿಡಿ. ಕಲಿಸುವವರು ತಾವೇ ಡ್ರೋನಿನಿಂದ ಯಾವ ಪ್ರಾಣಿಯನ್ನು ಎಣಿಸಿ ಪ್ರಕಟಿಸಿದ್ದಾರೆ?

ಮನೆಯಲ್ಲೇ ಕಲಿಯುವುದು

ಇದನ್ನು ಜನ ಕಡೆಗಣಿಸುತ್ತಾರೆ, ನನಗೆ ಯಾಕೆ ಅಂತ ತಿಳಿಯುವುದಿಲ್ಲ. ಈ ಕ್ಷೇತ್ರ ಶುರುವಾದದ್ದೇ ಹೀಗೆ. 2012ರ ಹೊತ್ತಿಗೆ ಲಿಯಾನ್ ಪಿನ್ ಕೊ ಮತ್ತು ಸರ್ಜ್ ವಿಚ್ ಎಂಬ ಇಬ್ಬರು ವಿಜ್ಞಾನಿಗಳು ಹವ್ಯಾಸಿಗಳ ಮಾದರಿ ವಿಮಾನಕ್ಕೆ ಆಟೊಪೈಲಟ್ ಮತ್ತು ಸಾಮಾನ್ಯ ಕ್ಯಾಮೆರಾ ಕಟ್ಟಿ ಸುಮಾತ್ರಾದ ಕಾಡಿನ ಮೇಲೆ ಹಾರಿಸಿದರು, ಒರಾಂಗುಟಾನ್ ಗೂಡುಗಳ ಫೋಟೊ ತಂದರು. ಅವರಿಗೆ ಕಲಿಸಲು ಆಗ ಯಾವ ಕೋರ್ಸೂ ಇರಲಿಲ್ಲ.

ಈಗ ಸಾಮಗ್ರಿಗೆ ಬರ ಇಲ್ಲ. ಹಾರಾಟದ ದಾರಿ ಯೋಜಿಸುವ ಸಾಫ್ಟ್‌ವೇರ್ ಆದ ಮಿಷನ್ ಪ್ಲಾನರ್‌ನಲ್ಲಿ ಡ್ರೋನ್ ಇಲ್ಲದೆಯೇ ಕಂಪ್ಯೂಟರಿನಲ್ಲಿ ಹಾರಾಟ ನಡೆಸಿ ನೋಡಬಹುದು. ಫೋಟೊ ಹೊಲಿಯಲು ವೆಬ್‌ಒಡಿಎಂ, ನಕ್ಷೆ ಕೆಲಸಕ್ಕೆ ಕ್ಯೂಜಿಐಎಸ್, ಫೋಟೊದಲ್ಲಿ ಪ್ರಾಣಿ ಎಣಿಸಲು ಡಾಟ್‌ಡಾಟ್‌ಗೂಸ್, ಇವಕ್ಕೆಲ್ಲ ಪರವಾನಗಿ ಶುಲ್ಕ ಕಟ್ಟದೆಯೇ ಕೆಲಸ ಶುರು ಮಾಡಬಹುದು. ಬೇರೆಯವರು ಮುಕ್ತವಾಗಿ ಹಾಕಿರುವ ವೈಮಾನಿಕ ಫೋಟೊಗಳನ್ನು ಇಳಿಸಿಕೊಂಡು ಒಂದು ವಾರ ಬರೀ ಎಣಿಸಿ. ನೀವು ಒಂದು ಸಲ, ನಿಮ್ಮ ಗೆಳೆಯರೊಬ್ಬರು ಒಂದು ಸಲ, ನಾಲ್ಕು ದಿನ ಬಿಟ್ಟು ಮತ್ತೆ ನೀವೇ ಒಂದು ಸಲ. ಮೂರು ಸಂಖ್ಯೆಗಳೂ ಬೇರೆ ಬೇರೆ ಬರುತ್ತವೆ. ಆ ವ್ಯತ್ಯಾಸವನ್ನು ಏನು ಮಾಡಬೇಕು ಅಂತ ಯೋಚಿಸತೊಡಗಿದರೆ ಅಲ್ಲಿಂದ ನಿಜವಾದ ಕಲಿಕೆ ಶುರು. ಕಂಪ್ಯೂಟರ್ ತಾನೇ ಎಣಿಸಿಕೊಡುತ್ತದಲ್ಲ ಅನ್ನುವವರಿಗೂ ಇದೇ ಮಾತು, ಅದಕ್ಕೆ ಕಲಿಸಲು ಬೇಕಾದ ಗುರುತು ಹಾಕಿದ ಫೋಟೊಗಳನ್ನು ಯಾರೋ ಒಬ್ಬರು ಕೂತು ಮಾಡಲೇಬೇಕು, ಆ ಯಾರೋ ಸಾಮಾನ್ಯವಾಗಿ ನೀವೇ.

ಮನೆಯಲ್ಲಿ ಬಾರದ್ದು ಗಾಳಿ, ಚಳಿಗೆ ಬೇಗ ಸೋಲುವ ಬ್ಯಾಟರಿ, ಬಿಸಿಲಲ್ಲಿ ಕಾಣದ ಸ್ಕ್ರೀನು. ಅದಕ್ಕೆ ಹೊರಗೆ ಹೋಗಲೇಬೇಕು.

ತಂಡದ ಜೊತೆ ಒಂದು ಸೀಸನ್

ಆಯ್ಕೆ ನನ್ನದಾದರೆ ಇದೇ. ಈಜು ಕಲಿತ ಹಾಗೆ, ನೀರಿಗೆ ಇಳಿದರೆ ಮಾತ್ರ ಗೊತ್ತಾಗುವ ಸಂಗತಿಗಳು ಇಲ್ಲಿ ಬಹಳ.

ಒಂದು ಉದಾಹರಣೆ ತಗೊಳ್ಳಿ. ಸಿಗ್ನಲ್ ಹೋದಾಗ ಡ್ರೋನ್ ಮನೆಗೆ, ಅಂದರೆ ಹೊರಟ ಜಾಗಕ್ಕೆ, ಮರಳುತ್ತದೆ ಅಂದೆನಲ್ಲ. ಅದು ಮರಳುವುದು ನೀವು ಮೊದಲೇ ಹಾಕಿಟ್ಟ ಎತ್ತರದಲ್ಲಿ. ಆ ಸಂಖ್ಯೆ 30 ಮೀಟರ್ ಅಂತಿದ್ದು, ಕಾಡಿನ ಮರ 40 ಮೀಟರ್ ಇದ್ದರೆ, ಡ್ರೋನ್ ಬಹಳ ವಿಧೇಯವಾಗಿ ಬಂದು ಮರದ ನೆತ್ತಿಗೆ ಬಡಿಯುತ್ತದೆ. ಅಡ್ಡಿ ಪತ್ತೆ ಮಾಡುವ ಸೆನ್ಸರ್‌ಗಳಿಗೆ ಎಲೆ ಇಲ್ಲದ ತೆಳು ಕೊಂಬೆ ಕಾಣುವುದಿಲ್ಲ. ಇಳಿಜಾರಿನಲ್ಲಿ ಇನ್ನೊಂದು ಪೇಚು: ಎತ್ತರ ಲೆಕ್ಕ ಆಗುವುದು ನೀವು ನಿಂತ ಜಾಗದಿಂದ, ಎದುರಿನ ಗುಡ್ಡದಿಂದ ಅಲ್ಲ. ದೋಣಿಯಿಂದ ಹಾರಿಸುವವರಿಗೆ ಮನೆ ಅಂದರೆ ಹತ್ತು ನಿಮಿಷದ ಹಿಂದೆ ದೋಣಿ ಇದ್ದ ಜಾಗ, ಈಗ ಅಲ್ಲಿ ಬರೀ ನೀರು. ಅದಕ್ಕೇ ತಿಮಿಂಗಿಲದ ತಂಡಗಳಲ್ಲಿ ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ಕೈಯಲ್ಲೇ ಹಿಡಿದು ಇಳಿಸುತ್ತಾರೆ. ಇದನ್ನು ಯಾವ ಸ್ಲೈಡಿನಲ್ಲೂ ಕಲಿಯಲಾಗದು.

ಎಣಿಕೆಯ ಪಾಠವೂ ಇಲ್ಲೇ ಗಟ್ಟಿಯಾಗಿ ಸಿಗುತ್ತದೆ. ಆಸ್ಟ್ರೇಲಿಯಾದ ರೇನ್ ದ್ವೀಪದ ಹಸಿರು ಕಡಲಾಮೆಗಳ ಕೆಲಸ ಇದಕ್ಕೆ ಒಳ್ಳೆಯ ಮಾದರಿ. ದಡಕ್ಕೆ ಬಂದ ಆಮೆಗಳ ಚಿಪ್ಪಿಗೆ ಕರಗಿಹೋಗುವ ಬಿಳಿ ಬಣ್ಣದ ಪಟ್ಟಿ ಬಳಿದರು. ಆಮೇಲೆ ಸುತ್ತಲಿನ ನೀರಿನಲ್ಲಿ ಬಣ್ಣದ ಆಮೆ ಎಷ್ಟು, ಬಣ್ಣ ಇಲ್ಲದ್ದು ಎಷ್ಟು ಅಂತ ಡ್ರೋನಿನಿಂದ ನೋಡಿ, ಆ ಅನುಪಾತದಿಂದ ಒಟ್ಟು ಸಂಖ್ಯೆ ಲೆಕ್ಕ ಹಾಕಿದರು. ಸುಮಾರು 64,000 ಅಂತ ಬಂತು. ಹಿಂದೆ ದೋಣಿಯಲ್ಲಿ ನಿಂತು ನೋಡಿ ಎಣಿಸುತ್ತಿದ್ದ ಲೆಕ್ಕ ತಪ್ಪಿತ್ತು, ಹಳೆಯ ಅಂದಾಜುಗಳನ್ನು 1.73ರಿಂದ ಗುಣಿಸಿ ತಿದ್ದಬೇಕು ಅಂತಲೂ ತಿಳಿಯಿತು. ಇಲ್ಲಿ ಡ್ರೋನಿಗಿಂತ ಜಾಣತನ ಇರುವುದು ಆ ಬಿಳಿ ಪಟ್ಟಿಯಲ್ಲಿ. ಅಂಥ ಯೋಚನೆ ಮಾಡುವವರ ಪಕ್ಕ ಕೂತರೆ ಅದು ನಿಮಗೂ ಅಂಟುತ್ತದೆ.

ಹಾಗೆಯೇ 2018ರಲ್ಲಿ ಆಸ್ಟ್ರೇಲಿಯಾದವರೇ ಸಾವಿರಾರು ಪ್ಲಾಸ್ಟಿಕ್ ಬಾತುಗಳನ್ನು ಮರಳಿನ ಮೇಲೆ ಇಟ್ಟು, ದುರ್ಬೀನು ಹಿಡಿದ ಅನುಭವಿಗಳ ಎಣಿಕೆಯನ್ನೂ ಡ್ರೋನ್ ಫೋಟೊದ ಎಣಿಕೆಯನ್ನೂ ಹೋಲಿಸಿದರು. ನಿಜವಾದ ಸಂಖ್ಯೆ ಮೊದಲೇ ಗೊತ್ತಿದ್ದುದರಿಂದ ಯಾರು ಎಷ್ಟು ತಪ್ಪಿದರು ಅಂತ ಹೇಳಲು ಸಾಧ್ಯವಾಯಿತು. ಡ್ರೋನ್ ಎಣಿಕೆ ಶೇ. 43ರಿಂದ 96ರಷ್ಟು ಹೆಚ್ಚು ನಿಖರ ಅಂತ ಬಂತು. ಎತ್ತರ ಬದಲಾದಂತೆ ಆ ಅಂಕಿಯೂ ಬದಲಾಯಿತು ಅನ್ನುವುದನ್ನು ಮರೆಯಬೇಡಿ. ಜೊತೆಗೆ ಅವು ಬಯಲಲ್ಲಿ ಕೂತ, ಅಲ್ಲಾಡದ ಬಾತುಗಳು. ಕಾಡಿನ ಜಿಂಕೆಗೆ ಇದೇ ಅಂಕಿ ಎತ್ತಿ ಹೇಳುವವರನ್ನು ನೋಡಿದರೆ ನನಗೆ ಸ್ವಲ್ಪ ಕೋಪ ಬರುತ್ತದೆ.

ತೊಂದರೆ ಏನೆಂದರೆ ಜಾಗ ಸಿಗುವುದು ಕಷ್ಟ. ಸಿಕ್ಕರೂ ಮೊದಲ ಕೆಲವು ವಾರ ಬ್ಯಾಟರಿ ಚಾರ್ಜ್ ಮಾಡುವುದು, ಮೆಮೊರಿ ಕಾರ್ಡ್ ನಕಲು ತೆಗೆಯುವುದು ಇಷ್ಟೇ ನಿಮ್ಮ ಪಾಲಿಗೆ. ಅದನ್ನು ಕೀಳಾಗಿ ನೋಡಬೇಡಿ. ಯಾವ ಕಾರ್ಡು ಯಾವ ಹಾರಾಟದ್ದು ಅಂತ ಬರೆದಿಡದೆ ಇಡೀ ಬೆಳಗಿನ ಶ್ರಮ ಹಾಳಾಗುವುದು ಅಪಘಾತಕ್ಕಿಂತ ಜಾಸ್ತಿ ಸಲ ನಡೆಯುತ್ತದೆ. ಇನ್ನೊಂದು ಅಪಾಯ, ತಂಡದ ಕೆಟ್ಟ ಅಭ್ಯಾಸವೂ ನಿಮಗೆ ಬಂದುಬಿಡುತ್ತದೆ. ಅನುಮತಿ ಇಲ್ಲದೆ ಸುಮ್ನೆ ಒಂದು ಸುತ್ತು ಅನ್ನುವ ತಂಡವಾದರೆ ದೂರ ಇರಿ.

ಕಲಿಯದೇ ಇರುವುದು

ವರ್ಷಕ್ಕೆ ಒಂದೋ ಎರಡೋ ಸಲ ಹಾರಿಸುವ ಕೆಲಸ ಆದರೆ ಡ್ರೋನ್ ಕೊಂಡು, ಕಲಿತು, ಅಭ್ಯಾಸ ಉಳಿಸಿಕೊಳ್ಳುವುದು ನಷ್ಟದ ವ್ಯವಹಾರ. ಪೈಲಟ್ ಗೊತ್ತು ಮಾಡಿ. ಆದರೆ ಆಗಲೂ ನೀವು ಕಲಿಯಬೇಕಾದ್ದು ಇದೆ: ಏನು ಕೇಳಬೇಕು ಅನ್ನುವುದು. ಮೂಲ ಫೋಟೊಗಳು ಬೇಕು, ಸಣ್ಣದು ಮಾಡಿದ್ದಲ್ಲ. ಹಾರಾಟದ ಲಾಗ್ (ಡ್ರೋನ್ ತಾನೇ ಬರೆದಿಡುವ ದಾಖಲೆ) ಬೇಕು. ಎತ್ತರ, ವೇಗ, ಓವರ್‌ಲ್ಯಾಪ್, ಹೊತ್ತು ಬರೆದುಕೊಟ್ಟಿರಬೇಕು. ಪ್ರಾಣಿಯ ಮೇಲೆ ಕಣ್ಣಿಟ್ಟ ನಿಮ್ಮವರೊಬ್ಬರು ಪಕ್ಕದಲ್ಲಿ ಇರಬೇಕು, ಅವರು ನಿಲ್ಲಿಸಿ ಅಂದ ತಕ್ಷಣ ಪೈಲಟ್ ನಿಲ್ಲಿಸಬೇಕು, ಇದನ್ನು ಒಪ್ಪಂದದಲ್ಲೇ ಬರೆಯಿರಿ.

ವಾಣಿಜ್ಯ ಪೈಲಟ್‌ಗಳಿಗೆ ನೆರಳಿಲ್ಲದ ನಡುಹಗಲು ಇಷ್ಟ, ನಕ್ಷೆ ಚಂದ ಬರುತ್ತದೆ. ಮೈಶಾಖ ನೋಡುವ ಥರ್ಮಲ್ ಕ್ಯಾಮೆರಾದಲ್ಲಿ ಪ್ರಾಣಿ ಹುಡುಕಲು ಅದು ತೀರಾ ಕೆಟ್ಟ ಹೊತ್ತು. ಕಾದ ಬಂಡೆ, ಬರಿ ನೆಲ ಎಲ್ಲವೂ ಪ್ರಾಣಿಯ ಥರ ಬೆಳ್ಳಗೆ ಕಾಣುತ್ತವೆ. ಸೂರ್ಯ ಹುಟ್ಟುವ ಮೊದಲು ನೆಲ ತಣ್ಣಗಿರುವಾಗ ಹಾರಿಸಬೇಕು, ರಾತ್ರಿ ಹಾರಾಟದ ಅನುಮತಿ ಬೇಕಾಗಬಹುದು. ಥರ್ಮಲ್ ಅಂದ ತಕ್ಷಣ ಎಲ್ಲ ಕಾಣುತ್ತದೆ ಅನ್ನುವ ನಂಬಿಕೆಯೂ ಬೇಡ. 640 ಪಿಕ್ಸೆಲ್ ಅಗಲದ, 13 ಮಿಲಿಮೀಟರ್ ಲೆನ್ಸಿನ ಕ್ಯಾಮೆರಾದಲ್ಲಿ 100 ಮೀಟರಿಂದ ಒಂದು ಪಿಕ್ಸೆಲ್ ಅಂದರೆ 9 ಸೆಂಟಿಮೀಟರ್. ಜಿಂಕೆ ಅದರಲ್ಲಿ 13 ಪಿಕ್ಸೆಲ್ ಉದ್ದ, 4 ಪಿಕ್ಸೆಲ್ ಅಗಲದ ಒಂದು ಬಿಳಿ ಚುಕ್ಕೆ. ಹಂದಿಯೋ ಜಿಂಕೆಯೋ ಹೇಳುವುದು ಕಷ್ಟ. ದಟ್ಟ ಎಲೆಯ ಮರೆಯಿಂದ ಶಾಖ ಹೊರಗೆ ಬರುವುದೂ ಇಲ್ಲ.

ಹಾಗಾದರೆ ಯಾರಿಗೆ ಯಾವುದು

ಪಿಎಚ್‌ಡಿ ಮಾಡುತ್ತಿರುವವರು ಮೊದಲ ವರ್ಷವೇ ಮನೆಯ ಕಲಿಕೆ ಶುರು ಮಾಡಿ, ಅನುಮತಿಯ ಅರ್ಜಿ ಹಾಕಿ, ಕಾಯುವ ಹೊತ್ತಿನಲ್ಲಿ ಯಾವುದಾದರೂ ತಂಡದ ಬೆನ್ನು ಹತ್ತಿ. ಕಾರ್ಯಾಗಾರಕ್ಕೆ ಹೋಗುವುದಾದರೆ ಸ್ವಂತ ಫೋಟೊ ಕೈಗೆ ಬಂದ ಮೇಲೆ ಹೋಗಿ, ಕೇಳಲು ಪ್ರಶ್ನೆ ಇರುತ್ತದೆ. ಸಣ್ಣ ಸಂಸ್ಥೆಗಳು ಇಬ್ಬರಿಗೆ ಪೂರ್ತಿ ಕಲಿಸಿ, ಒಬ್ಬರಿಗೆ ಸಾಲದು. ಕಲಿತ ಒಬ್ಬರು ಕೆಲಸ ಬಿಟ್ಟರೆ ಡ್ರೋನ್ ಕಪಾಟು ಸೇರುತ್ತದೆ. ಹತ್ತು ಜನಕ್ಕೆ ಅರೆಬರೆ ಕಲಿಸುವುದಕ್ಕಿಂತ ಇಬ್ಬರು ಹಾರಿಸಲಿ, ಉಳಿದವರು ಎಣಿಕೆ ಮತ್ತು ನಕ್ಷೆಯ ಕೆಲಸ ಕಲಿಯಲಿ. ಕಾಡು ಕಾಯುವ ಸಿಬ್ಬಂದಿಗೆ ಮಾತ್ರ ಪೈಲಟ್ ಶಾಲೆ ಮೊದಲು, ಅವರು ಗಾಳಿ ಮಳೆ ಅನ್ನದೆ ಪದೇ ಪದೇ ಹಾರಿಸುವವರು, ಕೈಯ ಶಿಸ್ತು ಅವರಿಗೆ ಹೆಚ್ಚು ಬೇಕು.

ಯಾವ ಬಗೆಯ ಡ್ರೋನ್ ಅನ್ನುವುದೂ ತರಬೇತಿಯ ಉದ್ದ ನಿರ್ಧರಿಸುತ್ತದೆ. ನಾಲ್ಕು ರೆಕ್ಕೆ ತಿರುಗುವ ಮಾಮೂಲಿ ಡ್ರೋನ್ ಇಪ್ಪತ್ತು ನಲವತ್ತು ನಿಮಿಷ ಹಾರುತ್ತದೆ, ಬೇಗ ಕಲಿಯಬಹುದು. ವಿಮಾನದ ಥರದ್ದು ಒಂದು ಗಂಟೆಗೂ ಹೆಚ್ಚು ಹಾರಿ ದೊಡ್ಡ ಜಾಗ ಮುಗಿಸುತ್ತದೆ, ಆದರೆ ನಿಂತಲ್ಲಿ ನಿಲ್ಲುವುದಿಲ್ಲ, ಇಳಿಸಲು ಬಯಲು ಬೇಕು, ಗಾಳಿಯ ದಿಕ್ಕು ನೋಡಿ ಇಳಿಸುವ ಅಭ್ಯಾಸಕ್ಕೆ ತಿಂಗಳುಗಳೇ ಬೇಕು. ಕಾಡಿನ ನಡುವೆ ಇಳಿಸುವ ಜಾಗ ಇಲ್ಲದವರು ಇದರ ತರಬೇತಿಗೆ ದುಡ್ಡು ಸುರಿಯಬೇಡಿ.

ಕಲಿತದ್ದು ಉಳಿಯಬೇಕಾದರೆ ಸಮೀಕ್ಷೆ ಇಲ್ಲದ ತಿಂಗಳಲ್ಲೂ ಒಂದು ದಿನ ಬಯಲಿಗೆ ಹೋಗಿ ಜಿಪಿಎಸ್ ಇಲ್ಲದ ಮೋಡ್‌ನಲ್ಲಿ, ಡ್ರೋನಿನ ಮುಖ ನಿಮ್ಮ ಕಡೆ ತಿರುಗಿಸಿ ಹಾರಿಸಿ. ಎಡ ಬಲ ಅದಲುಬದಲಾಗಿ ಕೈ ತಡವರಿಸುವುದು ಆಗಲೇ. ಬ್ಯಾಟರಿಗಳನ್ನು ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಇಡಬೇಡಿ, ಒಂದೊಂದು ಸೆಲ್ 3.8 ವೋಲ್ಟ್ ಹತ್ತಿರ ಇರಲಿ. ವಿಮಾನದಲ್ಲಿ ಹೋಗುವಾಗ ಅವು ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ದಾಟಿದ ಬ್ಯಾಟರಿಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಹೊರಡುವ ವಾರದ ಮೊದಲೇ ಕೇಳಿಕೊಳ್ಳಿ.